ದೇವಯಾನಿಯ ಐದನೆಯ ಶಂಕಿತ

ಕಳೆದ ವಾರ ಹಾನಗಲ್ಲಿಗೆ ಹೋಗಿದ್ದೆ. ಹಿರಿಯ ನಾಗರಿಕನೆಂದು ಸರ್ಕಾರ ನನಗೆ ದಯಪಾಲಿಸಿದ ಚೀಟಿಗೆ ತಹಶೀಲ್ದಾರರ ಕಚೇರಿಯ ಎದುರಿನ ಅಂಗಡಿಯೊಂದರಲ್ಲಿ ಲ್ಯಾಮಿನೇಷನ್ ಮಾಡಿಸಬೇಕಿತ್ತು. ಯಂತ್ರ ಕಾಯಿತು, ಪ್ಲಾಸ್ಟಿಕ್ ಹಾಳೆ ಉರುಳೆಗಳ ನಡುವೆ ನುಸುಳಿತು, ಸುಟ್ಟೂ ಸುಡದಂಥ ಆ ವಾಸನೆ ಮೂಗಿಗೆ ಬಂತು. ಬಂದದ್ದೇ ತಡ, ನನಗೆ ದೇವಯಾನಿ ನೆನಪಾದಳು. ಬೇರೆಯವರಿಗೆ ಮಲ್ಲಿಗೆಯಿಂದಲೋ ಮೊದಲ ಮಳೆಯ ಮಣ್ಣಿನಿಂದಲೋ ಇಂಥ ನೆನಪುಗಳು ಬರುತ್ತವೆಂದು ಕೇಳಿದ್ದೇನೆ. ನನ್ನ ಪಾಲಿಗೆ ಪ್ಲಾಸ್ಟಿಕ್ ಬಂದಿದೆ. ಇರಲಿ, ಅವರವರ ಪ್ರಾಪ್ತಿ.

ಈ ದೇವಯಾನಿ ಶುಕ್ರಾಚಾರ್ಯರ ಮಗಳಲ್ಲ. ನಮ್ಮ ಆಕಾಶಗಂಗೆಯ ನೆರೆಮನೆಯಲ್ಲಿರುವ ಗೆಲಾಕ್ಸಿ. ದೀಪ ಕಡಿಮೆಯಿರುವ ಊರಿನಲ್ಲಿ ನಿಂತು ನೋಡಿದರೆ, ಗೋಡೆಗೆ ಒರೆಸಿದ ಸುಣ್ಣದ ಬೆರಳಿನಷ್ಟು ಕಲೆ ಬರಿಗಣ್ಣಿಗೆ ಕಾಣುತ್ತದೆ, ಅದೇ ಅವಳು. ನಾನು ಅವಳ ಬೆನ್ನು ಹತ್ತಿದ ಮೊದಲ ವರ್ಷ ನನ್ನ ಹೆಂಡತಿ ಒಂದೇ ಒಂದು ಪ್ರಶ್ನೆ ಕೇಳಿದ್ದಳು.

"ಎಷ್ಟ ದೂರ ಅದಾಳ್ರೀ ಆಕಿ?"

"ಬೆಳಕಿನ ವೇಗದಾಗ ಹೊಂಟ್ರ ಇಪ್ಪತ್ತೈದು ಲಕ್ಷ ವರ್ಷ."

"ಹಂಗಾರ ಚಿಂತಿಲ್ಲ. ನೋಡಕೋತ ಕುಂದರ್ರಿ."

ಐವತ್ತು ದಾಟಿದ ಗಂಡಸರಿಗೆ ಒಂದೊಂದು ರೋಗ ಬರುತ್ತದೆ. ಕೆಲವರಿಗೆ ಸಕ್ಕರೆ, ಕೆಲವರಿಗೆ ರಾಜಕೀಯ. ಶಿಗ್ಗಾಂವಿಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿಕೊಂಡು ತಣ್ಣಗಿದ್ದ ನನಗೆ ಪಿಎಚ್‌.ಡಿ. ಬಂತು. ಅದರಿಂದ ಬಡ್ತಿ ಸಿಗುವ ವಯಸ್ಸು ದಾಟಿತ್ತು. ನನ್ನ ಹುಟ್ಟೂರು ಹಿರೇಕೆರೂರಿನ ಕಡೆಯ ಬಂಧುಗಳು, "ಮಾಸ್ತರಿಗೆ ತಲಿ ಕೆಟ್ಟೈತಿ, ಆದ್ರ ನಿರುಪದ್ರವಿ" ಎಂದು ತೀರ್ಪು ಕೊಟ್ಟು ಗೋವಿನಜೋಳದ ದರದ ಮಾತಿಗೆ ಹೊರಳಿದರು. ಅವರಿಗೆ ನಾನು ಹೇಳದಿದ್ದ ಕಾರಣ ಒಂದಿತ್ತು. ಮೂವತ್ತು ವರ್ಷ ಬೇರೆಯವರು ಕಂಡದ್ದನ್ನು ಕರಿಹಲಗೆಯ ಮೇಲೆ ಬರೆದು ಒರೆಸಿದ್ದೆ. ಇಂಥದ್ದು ಆಕಾಶದಲ್ಲಿದೆ, ನಾನು ಕಂಡೆ, ಎಂದು ಹೇಳಿಕೊಳ್ಳಲು ನನ್ನದೂ ಒಂದಿರಲಿ, ಚಿಕ್ಕದಾದರೂ ಸರಿ, ಎಂಬ ಆಸೆ. ವಯಸ್ಸಾದ ಮೇಲಿನ ಆಸೆಗಳು ಹಲ್ಲುನೋವಿನ ಹಾಗೆ. ಹೊರಗಿನವರಿಗೆ ಕಾಣುವುದಿಲ್ಲ, ಒಳಗಿನವನಿಗೆ ಕೂಡಲು ಬಿಡುವುದಿಲ್ಲ.

ನನ್ನ ವಿಷಯ: ದೇವಯಾನಿ ಗೆಲಾಕ್ಸಿಯಲ್ಲಿನ ಶಂಕಿತ ಸಹಜೀವಿ ಜೋಡಿ ನಕ್ಷತ್ರಗಳು. ಹೆಸರು ದೊಡ್ಡದು, ಸಂಸಾರ ಸರಳ. ಒಂದು ಕೆಂಪು ದೈತ್ಯ ನಕ್ಷತ್ರ ಇರುತ್ತದೆ: ಉಬ್ಬಿದ ಮೈ, ತಣ್ಣನೆಯ ಸ್ವಭಾವ, ಮೈಯಿಂದ ಸದಾ ಅನಿಲ ಸೋರುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಶ್ವೇತ ಕುಬ್ಜ: ಪುಟ್ಟದು, ಕಾದ ಕಬ್ಬಿಣದಂಥದ್ದು. ಅದು ದೈತ್ಯನ ಸೋರಿಕೆಯನ್ನು ಹೀರಿಕೊಂಡು ಬದುಕುತ್ತದೆ. ಇದನ್ನು ಸವಣೂರಿನ ನನ್ನ ಹಳೆಯ ವಿದ್ಯಾರ್ಥಿ ಇಮಾಮಸಾಬನಿಗೆ ಒಮ್ಮೆ ವಿವರವಾಗಿ ಹೇಳಿದೆ. ಅವನು ಪೂರ್ತಿ ಕೇಳಿ, "ಅಂದ್ರ ಮನಿ ಅಳಿಯ ಅನ್ರಿ ಸರ" ಎಂದ. ಅಷ್ಟು ಚಿಕ್ಕದಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ.

ಅಷ್ಟು ದೂರದಲ್ಲಿ ಮಾವನೂ ಅಳಿಯನೂ ಬೇರೆ ಬೇರೆ ಕಾಣುವ ಮಾತಿಲ್ಲ. ಎರಡೂ ಸೇರಿ ಒಂದೇ ಮಂಕು ಚುಕ್ಕೆ. ಆ ಚುಕ್ಕೆಯ ಬೆಳಕನ್ನು ಕಾಮನಬಿಲ್ಲಿನ ಹಾಗೆ ಹರಡಿ ರೋಹಿತ ಮಾಡಿ ನೋಡಬೇಕು. ಅದರಲ್ಲಿ ತಣ್ಣನೆಯ ದೈತ್ಯನ ಗುರುತೂ ಇರಬೇಕು, ಕಾದ ಕುಬ್ಜನ ಗುರುತೂ ಇರಬೇಕು. ಎರಡಿದ್ದರೂ ಸಾಲದು. ಹಾನಗಲ್ ಬಸ್ ನಿಲ್ದಾಣದಲ್ಲಿ ಒಬ್ಬ ಗಂಡಸಿನ ಹಿಂದೆ ಒಬ್ಬ ಹೆಂಗಸು ನಿಂತಿದ್ದರೆ ಕಂಡಕ್ಟರ್, "ನಿಮ್ಮ ಮನಿಯವ್ರನ್ನ ಮುಂದ ಕರೀರಿ" ಅನ್ನುತ್ತಾನೆ. ಅವರಿಬ್ಬರೂ ಹೌಹಾರಿ ನಾಲ್ಕು ಮಾರು ದೂರ ಸರಿಯುತ್ತಾರೆ. ಆಕಾಶದಲ್ಲೂ ಹಾಗೆಯೇ. ಮುಂದೊಂದು ಕೆಂಪು ನಕ್ಷತ್ರ, ಅದರ ಬೆನ್ನಿಗೆ, ಸಂಬಂಧವೇ ಇಲ್ಲದ ಒಂದು ಬಿಸಿ ಅನಿಲದ ಮೋಡ. ನೋಡಿದವರು ಸಂಸಾರವೆಂದು ತಿಳಿಯಬೇಕು. ಆದ್ದರಿಂದ ಮೂರನೆಯದೊಂದು ಮುದ್ರೆ ಬೇಕು: ರೋಹಿತದ ಕೆಂಪು ಭಾಗದಲ್ಲಿ, ಗೊತ್ತಾದ ಒಂದು ಜಾಗದಲ್ಲಿ, ಒಂದು ಅಗಲವಾದ ಉಬ್ಬು. ಕುಬ್ಜನ ಬೆಳಕು ದೈತ್ಯನ ಅನಿಲಕ್ಕೆ ಬಡಿದು ಬಣ್ಣ ಬದಲಿಸಿಕೊಂಡು ಬಂದಾಗ ಮೂಡುವ ಉಬ್ಬು ಅದು. ಅದು ಕಂಡರೆ ಮದುವೆ ನೋಂದಣಿಯಾದ ಹಾಗೆ. ಆಮೇಲೆ ಯಾರೂ ಕೇಳುವುದಿಲ್ಲ.

ನನ್ನ ಹತ್ತಿರ ಐವರು ಶಂಕಿತರಿದ್ದರು. ಒಂದು, ಬಸ್ ನಿಲ್ದಾಣದ ಪ್ರಕರಣ. ಇನ್ನೊಂದು ನಮ್ಮದೇ ಆಕಾಶಗಂಗೆಯ ಓಣಿಯವನಾಗಿದ್ದು, ದೇವಯಾನಿಯ ಊರಿನವನೆಂದು ನಟಿಸಿದ್ದ. ಮತ್ತೆರಡರ ಅಪರಾಧ ಸಾಬೀತಾಗಲಿಲ್ಲ, ಅವು ಒಂಟಿ ನಕ್ಷತ್ರಗಳೆಂದು ತೀರ್ಮಾನವಾಗಿ ಬಿಡುಗಡೆಯಾದವು. ಉಳಿದದ್ದು ಐದನೆಯದು. ಅದರಲ್ಲಿ ದೈತ್ಯನಿದ್ದ, ಕುಬ್ಜನೂ ಇದ್ದಂತಿತ್ತು, ಮುದ್ರೆ ಮಾತ್ರ ಸಿಕ್ಕಿರಲಿಲ್ಲ. ನನ್ನ ನೋಂದಣಿಯ ಅವಧಿ ಎರಡು ಸಲ ಹಿಗ್ಗಿ, ಮೂರನೆಯ ಸಲ ಹಿಗ್ಗಲಾರೆನೆಂದು ಹರಿಯುವ ಸ್ಥಿತಿಗೆ ಬಂದಿತ್ತು. ಮಾರ್ಚ್ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸಬೇಕು. "ಒಂದನ್ನಾದರೂ ಖಚಿತ ಅಂತ ತೋರಿಸದೇ ಹೋದರೆ ಕಮಿಟಿಯವರು ಒಪ್ಪಲ್ಲ ಸರ್" ಎಂದು ಬೆಂಗಳೂರಿನಲ್ಲಿದ್ದ ನನ್ನ ಮಾರ್ಗದರ್ಶಕಿ ನಂದಿನಿ ಮೇಡಂ ಹೇಳಿದ್ದರು. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಹೀಗೆ ಇಬ್ಬರೂ ಪರಸ್ಪರ ಹೆದರಿಕೊಂಡು ವಿಜ್ಞಾನ ನಡೆಸಿದ್ದೆವು.

ಆ ವರ್ಷದ ಫೆಬ್ರವರಿಯನ್ನು ನಾನು ಕೂತು ಕಳೆದದ್ದು ನೆನಪಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆ ಎಂಬ ಮಾತಿದೆಯಲ್ಲ, ಅದು ಹಬ್ಬಕ್ಕೆ ಮೊದಲೇ ಹೋಗಿ ಒಣಗಾಳಿ ಎದ್ದಿತ್ತು. ಕಾಲೇಜಿನ ಕಿಟಕಿಗಳು ತಾವಾಗಿ ಬಡಿದುಕೊಳ್ಳುತ್ತಿದ್ದವು. ಪರೀಕ್ಷೆಯ ಮೇಲ್ವಿಚಾರಣೆಗೆ ಹೋದರೆ ನಾನು ಕೋಣೆಯ ತುಂಬ ತಿರುಗುವುದನ್ನು ನೋಡಿ, ನಕಲು ಮಾಡದ ಹುಡುಗರೂ ಬೆವತರು. ಕಾರಣ ಇಷ್ಟೆ: ದೇವಯಾನಿ ಪಶ್ಚಿಮಕ್ಕೆ ಇಳಿಯುತ್ತಿದ್ದಳು. ಸೂರ್ಯ ಮುಳುಗಿ ಕತ್ತಲಾದ ಮೇಲೆ ಒಂದು ತಾಸಿನ ಆಟ, ಆಮೇಲೆ ಗುಡ್ಡದ ಅಂಚು. ಇನ್ನು ಕೆಲವು ವಾರ ಕಳೆದರೆ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿ, ಮತ್ತೆ ಒಳ್ಳೆಯ ಹೊತ್ತಿನಲ್ಲಿ ಸಿಗುವುದು ಮಳೆಗಾಲ ದಾಟಿದ ಮೇಲೆ. ಮಂಕು ನಕ್ಷತ್ರದವರಿಗೆ ದೂರದರ್ಶಕ ಕೊಡುವುದು ಚಂದ್ರನಿಲ್ಲದ ಹೊತ್ತಿನಲ್ಲಿ. ಮೇಡಂ ಅವರಿವರನ್ನು ಕೇಳಿ, ಹಿಮಾಲಯದಾಚೆಯ ಬರಡು ಎತ್ತರದಲ್ಲಿರುವ ಒಂದು ದೂರದರ್ಶಕದಲ್ಲಿ ಮೂರು ಸಂಜೆ ಹೊಂದಿಸಿದರು. ಶಿವರಾತ್ರಿಯ ಮರುದಿನದಿಂದ ಮೂರು ಸಂಜೆ.

ನಾನು ಆ ಎತ್ತರಕ್ಕೆ ಹೋಗಬೇಕಿರಲಿಲ್ಲ. ಅಲ್ಲಿನ ಆಪರೇಟರ್ ದೂರದರ್ಶಕ ತಿರುಗಿಸುತ್ತಾನೆ, ಅವನ ತೆರೆ ಇಲ್ಲಿ ನನ್ನ ತೆರೆಯ ಮೇಲೆ ಕಾಣುತ್ತದೆ, ನಾನು "ಹಾಂ, ವಹೀ ಹೈ" ಎಂದು ಒಪ್ಪಿಗೆ ಕೊಡಬೇಕು. ಅದಕ್ಕೆ ಬೇಕಾದದ್ದು ಕಡಿಯದ ಇಂಟರ್ನೆಟ್. ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕದಲ್ಲಿ ಅಗೆತ ನಡೆದಿತ್ತು. ನಮ್ಮ ಮನೆಯ ಇಂಟರ್ನೆಟ್ ಆತ್ಮದ ಹಾಗೆ, ಇದೆ ಎನ್ನುವವರಿದ್ದರು, ಕಂಡವರಿರಲಿಲ್ಲ. ಸವಣೂರಿನಲ್ಲಿ ಇಮಾಮಸಾಬನ ಅಂಗಡಿ ಇತ್ತು. ಝೆರಾಕ್ಸ್, ಲ್ಯಾಮಿನೇಷನ್, ಮದುವೆ ಪತ್ರಿಕೆ, ಸರ್ಕಾರದ ಎಲ್ಲ ಬಗೆಯ ಆನ್‌ಲೈನ್ ಅರ್ಜಿ. ಅಲ್ಲಿ ಗಟ್ಟಿ ಲೈನ್ ಇತ್ತು, ಕರೆಂಟ್ ಹೋದರೆ ಎರಡು ಬ್ಯಾಟರಿ ಇದ್ದವು. "ಬರ್ರಿ ಸರ, ಮೂಲ್ಯಾಗಿನ ಕಂಪ್ಯೂಟರ್ ನಿಮ್ದ" ಎಂದ. ಹೀಗೆ ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಅಧ್ಯಯನ, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಲು ಬಂದವರ ಸಾಲಿನ ಪಕ್ಕದಲ್ಲಿ ಆರಂಭವಾಯಿತು.

ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಮಾಮಸಾಬನ ತಂದೆ ಗೌಸಸಾಬರು ಕೂಡುತ್ತಿದ್ದರು. ಊರಿಗೆಲ್ಲ ಚಾಚಾ. ಹರೆಯವೆಲ್ಲ ವೀಳ್ಯದೆಲೆಯ ವ್ಯಾಪಾರ ಮಾಡಿ ಈಗ ಅದೇ ಎಲೆಯನ್ನು ಬಾಯಿಗೆ ಹಾಕಿಕೊಂಡು ಕೂತವರು. ಅವರಿಗೆ ಇನ್ನೊಂದು ಕೆಲಸವಿತ್ತು. ಅವರ ಮೊಹಲ್ಲಾದಲ್ಲಿ ಯಾರಾದರೂ ರಂಜಾನಿನ ಚಾಂದ, ಎಂದರೆ ಎಳೆಯ ಚಂದ್ರ, ಕಂಡೆ ಎಂದು ಓಡಿಬಂದರೆ, ಅವನನ್ನು ಪಾಟೀಸವಾಲು ಮಾಡುವುದು ಚಾಚಾ. ಅದರಲ್ಲಿ ಅವರಿಗೆ ದೊಡ್ಡ ಹೆಸರೇನೂ ಇರಲಿಲ್ಲ. ಒಮ್ಮೆ ಅವರು ಒಪ್ಪದ ಚಾಂದವನ್ನು ಹುಬ್ಬಳ್ಳಿಯವರು ಒಪ್ಪಿ, ಇಲ್ಲಿನವರು ಮರುದಿನದ ಹಬ್ಬಕ್ಕೆ ಸರಿರಾತ್ರಿಯಲ್ಲಿ ಮಾಂಸದ ಅಂಗಡಿ ತೆರೆಸಬೇಕಾಯಿತಂತೆ. ಅಂದಿನಿಂದ ಹುಡುಗರು, "ಚಾಚಾನ ಚಾಂದ ಯಾವಾಗ್ಲೂ ಲಾಸ್ಟ್ ಬಸ್ಸಿಗೆ ಬರತೈತಿ" ಎಂದು ಕಾಡುತ್ತಿದ್ದರು. ಚಾಚಾ ಅಂಥವರಿಗೆ ಉತ್ತರವಾಗಿ ಉಗುಳುತ್ತಿದ್ದರು, ಎಲೆಯ ರಸವನ್ನು.

ಮೊದಲ ಸಂಜೆ. ಅಲ್ಲಿ ಎತ್ತರದಲ್ಲಿ ಆಕಾಶ ತೊಳೆದಿಟ್ಟಂತಿತ್ತು. ನನ್ನ ಶಂಕಿತ ಎಷ್ಟು ಮಂಕೆಂದರೆ ಆಪರೇಟರನ ತೆರೆಯ ಮೇಲೂ ನೇರವಾಗಿ ಕಾಣದು. ಸವಣೂರಿನಲ್ಲಿ ಮನೆ ಹುಡುಕಿದ ಹಾಗೆಯೇ ಹುಡುಕಬೇಕು: ಮೊದಲು ಎಲ್ಲರಿಗೂ ಗೊತ್ತಿರುವ ದೊಡ್ಡ ನಕ್ಷತ್ರಕ್ಕೆ ಬಾ, ಅಲ್ಲಿಂದ ಇಷ್ಟು ಮೂಡಲಕ್ಕೆ, ಇಷ್ಟು ಬಡಗಲಿಗೆ ಸರಿ, ಬಾಗಿಲು ಕಾಣದಿದ್ದರೂ ಬಡಿ. ಯಂತ್ರದಲ್ಲಿ ಕೂದಲೆಳೆಯಂಥ ಒಂದು ಸೀಳು ಇರುತ್ತದೆ. ಆ ಸೀಳಿನ ಉದ್ದಕ್ಕೆ ನಡುವಿನಲ್ಲಿ ನಕ್ಷತ್ರವನ್ನು ಕೂರಿಸಿ, ತಾಸಿನ ತನಕ ಬೆಳಕು ಹಿಡಿಯಬೇಕು. ಆ ತಾಸು ನಾನು ಅಂಗಡಿಯಲ್ಲಿ ಓಡಾಡಿದೆ. ಝೆರಾಕ್ಸ್ ಯಂತ್ರದಿಂದ ಬಾಗಿಲಿಗೆ, ಬಾಗಿಲಿನಿಂದ ಝೆರಾಕ್ಸ್ ಯಂತ್ರಕ್ಕೆ.

"ಸರ, ಒಂದ್ ಕಡಿ ಕುಂದರ್ರಿ. ನೆಲಾ ಸವೀತೈತಿ" ಎಂದ ಇಮಾಮಸಾಬ.

"ನನ್ನ ಕಡಿಂದ ಆಗೂದಿಲ್ಲಪಾ."

"ಹೆರಿಗಿ ವಾರ್ಡಿನ ಮುಂದ ನಿಂತವರ ಛಲೋ ನಿಮಗಿಂತ" ಎಂದಳು ಸಾಲಿನಲ್ಲಿದ್ದ ಒಬ್ಬ ಮುದುಕಿ.

ಹಡೆದದ್ದು ಗಂಡೋ ಹೆಣ್ಣೋ ಎಂಬಂತೆ ಕೊನೆಗೆ ರೋಹಿತ ತೆರೆಯ ಮೇಲೆ ಬಂತು. ಅಂಕುಡೊಂಕಾದ ಒಂದು ಗೆರೆ. ಕೆಂಪು ಭಾಗಕ್ಕೆ ಸರಿಸಿದೆ. ಇರಬೇಕಾದ ಜಾಗದಲ್ಲಿ, ಇರಬೇಕಾದಷ್ಟು ಅಗಲಕ್ಕೆ, ಒಂದು ಉಬ್ಬು ಕೂತಿತ್ತು. ಚಿಕ್ಕದು, ಆದರೆ ಉಬ್ಬು. ಹಿಂದೆ ಲ್ಯಾಮಿನೇಷನ್ ಯಂತ್ರದಿಂದ ಯಾರದೋ ಆಧಾರ್ ಕಾರ್ಡು ಬಿಸಿಬಿಸಿಯಾಗಿ ಹೊರಬರುತ್ತಿತ್ತು. ನನ್ನ ಕಣ್ಣು ಮಂಜಾಯಿತು. ಅದಕ್ಕೆ ಆ ಹೊಗೆ ಕಾರಣವೆಂದು ಅಲ್ಲಿದ್ದವರಿಗೆ ಹೇಳಿದೆ.

"ಬಂತೇನ್ರಿ ನಿಮ್ಮ ಚುಕ್ಕಿ?" ಎಂದರು ಚಾಚಾ ಬಾಗಿಲಿನಿಂದಲೇ.

"ಬಂತು ಚಾಚಾ. ಕಂಡೆ."

"ಎಷ್ಟ ಮಂದಿ ಕಂಡ್ರಿ?"

"ನಾನೊಬ್ನ. ಮ್ಯಾಲಿನವನೂ ಅದಾನ, ಯಂತ್ರ ತಿರುವಾಂವ."

"ಆಂವ ಹೂಂ ಅಂದ್ನ?"

"ಆಂವಗ ಇದ್ರಾಗ ತಿಳಿಯೂದಿಲ್ಲ."

"ಹಂಗಾರ ಒಬ್ರ" ಎಂದು ಚಾಚಾ ಎಲೆಗೆ ಸುಣ್ಣ ಹಚ್ಚತೊಡಗಿದರು.

ಆ ರಾತ್ರಿ ಊಟ ರುಚಿಸಲಿಲ್ಲ. ತಲೆಯಲ್ಲಿ ಪ್ರಬಂಧದ ಕೊನೆಯ ಅಧ್ಯಾಯ ತಾನಾಗಿ ಬರೆಸಿಕೊಳ್ಳುತ್ತಿತ್ತು, ಅದರಲ್ಲಿ 'ಖಚಿತ' ಎಂಬ ಪದ ಪುಟಕ್ಕೆ ನಾಲ್ಕು ಸಲ ಬರುತ್ತಿತ್ತು.

ಎರಡನೆಯ ಸಂಜೆ ಎತ್ತರದಲ್ಲಿ ಹಿಮ ಸುರಿಯಿತು. ಗುಮ್ಮಟ ತೆರೆಯಲೇ ಇಲ್ಲ. ಇತ್ತ ಸವಣೂರಿನಲ್ಲಿ ಸೆಕೆಗೆ ಜನ ಅಂಗಡಿಯ ಹೊರಗೆ ಕೂತಿದ್ದರು. ನಾನು ಅವರಿಗೆ ಹಿಮಪಾತದ ಸುದ್ದಿ ಹೇಳಿದೆ, ಅವರು ನನಗೆ ಸಮಾಧಾನ ಹೇಳಿದರು. ಅಷ್ಟರಲ್ಲಿ ಮೇಡಂ ಫೋನ್ ಮಾಡಿದರು.

"ನಿನ್ನೆಯದನ್ನ ನೋಡಿದೆ ಸರ್. ಉಬ್ಬು ಇದೆ. ಆದರೆ ಒಂದೇ ಸಲದ್ದು, ದುರ್ಬಲವಾಗಿದೆ. ನಾಳೆ ನಕ್ಷತ್ರವನ್ನ ಸೀಳಿನ ಮೇಲೆ ಅದೇ ಜಾಗದಲ್ಲಿ ಇಟ್ಟು ಇನ್ನೊಂದು ತಗೊಂಡರೆ ಎರಡನ್ನೂ ಕೂಡಿಸಬಹುದು. ಉಬ್ಬು ಗಟ್ಟಿಯಾಗಿ ಕಾಣುತ್ತೆ. ಖಚಿತ ಅಂತ ಬರೀಬಹುದು."

"ಇಲ್ಲದಿದ್ದರೆ?"

"ಇಲ್ಲದಿದ್ದರೆ ನಕ್ಷತ್ರವನ್ನ ಸೀಳಿನ ಉದ್ದಕ್ಕೆ ಸ್ವಲ್ಪ ಕೆಳಗೆ ಸರಿಸಿ ತಗೋಬೇಕು. ಉಬ್ಬು ನಕ್ಷತ್ರದ ಜೊತೆ ಸರಿದರೆ ಅದು ನಕ್ಷತ್ರದ್ದು. ಹಳೇ ಜಾಗದಲ್ಲೇ ಉಳಿದರೆ ನಮ್ಮ ಕ್ಯಾಮೆರಾದ ದೋಷ. ಪರೀ‌ಕ್ಷೆ ಸ್ಟ್ರಾಂಗ್ ಆಗುತ್ತೆ. ಆದರೆ ಸುಲಭವಾಗಿ ಕೂಡಿಸೋಕೆ ಬರಲ್ಲ, ಮಸುಕಾಗಿ ಏನೂ ಕಾಣದೇ ಹೋದರೂ ಹೋಯ್ತು. ಇನ್ನೊಂದು ಅವಕಾಶ ಇಲ್ಲ. ನಿಮ್ಮ ನಿರ್ಧಾರ ಸರ್. ನೀವು ಹೇಗೆ ಬರೆದರೂ ನಾನು ಸಹಿ ಮಾಡ್ತೀನಿ."

ನಾನು ಒಂದು ಕ್ಷಣವೂ ಯೋಚಿಸದೆ, "ಅದೇ ಜಾಗದಲ್ಲೇ ಇಡೋಣ ಮೇಡಂ" ಎಂದೆ. ಮೇಡಂ "ಸರಿ ಸರ್" ಎಂದರು. ಫೋನ್ ಇಟ್ಟ ಮೇಲೂ ಆ "ಸರಿ ಸರ್" ಕಿವಿಯಲ್ಲಿ ಉಳಿಯಿತು. ನನ್ನ ವಿದ್ಯಾರ್ಥಿಗಳು ತಪ್ಪು ಉತ್ತರ ಬರೆದು ತೋರಿಸಿದಾಗ, ಗಂಟೆ ಹೊಡೆದಿದ್ದರೆ, ನಾನೂ ಹಾಗೆಯೇ ಅನ್ನುತ್ತಿದ್ದೆ.

ಮೂರನೆಯ ದಿನ ಎತ್ತರದಲ್ಲಿ ಹಿಮ ನಿಂತು ಆಕಾಶ ತೆರೆಯಿತು. ನಾನು ಕಾಲೇಜಿಗೆ ರಜೆ ಹಾಕಿ ಮಧ್ಯಾಹ್ನವೇ ಸವಣೂರು ಸೇರಿದೆ. ಆ ಸಂಜೆ ರಂಜಾನ್ ಚಾಂದ ನೋಡುವ ಸಂಜೆಯೂ ಆಗಿತ್ತು. ಸೂರ್ಯ ಮುಳುಗುತ್ತಲೇ ಅಂಗಡಿಯ ಬಾಗಿಲು ಅರ್ಧ ಇಳಿಯಿತು. ನನ್ನ ವೀಕ್ಷಣೆಗೆ ಪೂರ್ತಿ ಕತ್ತಲಾಗಬೇಕಿತ್ತು, ಇನ್ನೂ ಮುಕ್ಕಾಲು ತಾಸಿತ್ತು. ನಮಾಜು ಮುಗಿಸಿ ಬಂದ ಇಮಾಮಸಾಬ, "ನೀವೂ ಮ್ಯಾಲ ಬರ್ರಿ ಸರ, ಇಲ್ಲಿ ತಿರುಗೂದನ್ನ ಅಲ್ಲೇ ತಿರುಗ್ರಿ" ಎಂದ. ಮಾಳಿಗೆ ಹತ್ತಿದೆವು. ಅಕ್ಕಪಕ್ಕದ ಮಾಳಿಗೆಗಳ ಮೇಲೂ ಜನ. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ, ತಡವಾದ ಬಸ್ಸಿಗೆ ಕಾಯುವವರ ಹಾಗೆ ಕುತ್ತಿಗೆ ಉದ್ದ ಮಾಡಿ ನಿಂತಿದ್ದರು. ಆಕಾಶ ನಿಚ್ಚಳವಾಗಿತ್ತು, ಅಂಚಿನಲ್ಲಿ ಮಾತ್ರ ಧೂಳಿನ ಒಂದು ಕೆಂಪು ಪಟ್ಟಿ.

ಆ ಸಂಜೆಯ ಚಂದ್ರ ಕಷ್ಟದಿಂದ ಕಾಣಬಹುದಾದಷ್ಟು ಎಳೆಯದೆಂದು ನಾನು ಬೆಳಿಗ್ಗೆಯೇ ಲೆಕ್ಕ ಹಾಕಿದ್ದೆ. ಎಲ್ಲಿ ನೋಡಬೇಕೆಂದು ಗೊತ್ತಿತ್ತು. ನೋಡಿದೆ. ಕಂಡಿತು. ಉಗುರು ಕತ್ತರಿಸಿ ಬಿದ್ದ ಚೂರಿನಷ್ಟು, ಬೆಳಕೆಂದು ಹೇಳಲೂ ಬಾರದಷ್ಟು.

"ಅಲ್ಲೈತಿ" ಎಂದೆ.

ಎಲ್ಲರೂ ನನ್ನ ಬೆರಳನ್ನು ನೋಡಿದರು, ಬೆರಳಿನ ತುದಿಯಿಂದ ಆಕಾಶವನ್ನು ನೋಡಿದರು. "ಎಲ್ರಿ?", "ಕಂಬದ ಮ್ಯಾಲೇನ್ರಿ?", "ಕಾಣವಲ್ದು ನೋಡ್ರಿ." ಇಮಾಮಸಾಬನಿಗೂ ಕಾಣಲಿಲ್ಲ, ಅವನ ಹರೆಯದ ಗೆಳೆಯರಿಗೂ ಕಾಣಲಿಲ್ಲ. ಚಾಚಾನ ಕಣ್ಣಿಗೆ ಪೊರೆ ಬಂದಿತ್ತು, ಅವರು ನೋಡುವ ಗೊಡವೆಗೇ ಹೋಗದೆ ನನ್ನ ಕಡೆ ತಿರುಗಿದರು.

"ನಿಮ್ಮ ಸಾಕ್ಷಿ ನಮ್ಮ ಹಂತೇಕ ನಡಿಯೂದಿಲ್ರಿ ಸರ, ಅದು ನಿಮಗೂ ಗೊತ್ತೈತಿ. ಸುಮ್ನ ಕೇಳತೇನಿ. ಕೊಂಬು ಯಾ ಕಡಿಗಿದ್ವು?"

"ಮ್ಯಾಲಕ್ಕ. ದೋಣಿ ಹಂಗ."

"ಸೂರ್ಯಾ ಮುಳುಗಿದಲ್ಲಿಂದ ಎಡಕ್ಕೋ, ಬಲಕ್ಕೋ?"

ನಾನು ಎಡವನ್ನೂ ಎತ್ತರವನ್ನೂ ಅಂಶಗಳ ಲೆಕ್ಕದಲ್ಲಿ ಹೇಳಿದೆ. ಚಾಚಾ ತಲೆ ಆಡಿಸಿದರು.

"ಬರೋಬ್ಬರಿ ಐತಿ. ಭಾಳ ಬರೋಬ್ಬರಿ ಐತಿ, ಅದಕ್ಕ ಡೌಟ್ ಬರತೈತಿ. ಎಲ್ಲಿರಬೇಕು ಅನ್ನೂದು ಗೊತ್ತಿದ್ದಾಂವಗ ಅಲ್ಲೇ ಕಾಣತೈತಿ. ಚಷ್ಮಾ ತೆಗೀರಿ."

"ಚಷ್ಮಾ ತೆಗದ್ರ ನನಗ ನೀವೂ ಕಾಣೂದಿಲ್ಲ ಚಾಚಾ."

"ತೆಗದು ತಲಿಕೆಳಗ ಹಾಕ್ಕೋರಿ. ಚಾಂದ ಇದ್ರ ಚಾಂದ ಅಲ್ಲೇ ಇರತೈತಿ. ಗೀರು ಇದ್ರ ಚಷ್ಮಾದ ಗೂಡ ತಿರಗತೈತಿ."

ಕನ್ನಡಕ ತೆಗೆದೆ. ಎಡಗಾಜಿನಲ್ಲಿ ಒಂದು ಗೀರು ಇದ್ದದ್ದು ನಿಜ. ಜೇಬಿನಲ್ಲಿ ಬೀಗದ ಕೈಯ ಜೊತೆ ಇಟ್ಟುಕೊಂಡು ಆದದ್ದು, ಬಾಗಿದ ಗೀರು. ಮಾಳಿಗೆಯ ಮೇಲೆ ನೆರೆದ ಜನರೆದುರು, ಮೂವತ್ತು ವರ್ಷದ ಅಧ್ಯಾಪನದ ಗಾಂಭೀರ್ಯದೊಂದಿಗೆ, ಕನ್ನಡಕವನ್ನು ತಲೆಕೆಳಗಾಗಿ ಮೂಗಿನ ಮೇಲೆ ಹಿಡಿದು ಪಶ್ಚಿಮವನ್ನು ನೋಡಿದೆ. ಚಂದ್ರನಿರಲಿಲ್ಲ. ಸರಿಯಾಗಿ ಹಾಕಿಕೊಂಡು ನೋಡಿದೆ. ಆಗಲೂ ಇರಲಿಲ್ಲ. ಅಷ್ಟರಲ್ಲಿ ಅದು ಧೂಳಿನ ಪಟ್ಟಿಯೊಳಗೆ ಇಳಿದಿತ್ತೋ, ಮೊದಲಿನಿಂದ ನನ್ನ ಗಾಜಿನಲ್ಲೇ ಇತ್ತೋ, ಹೇಳಲು ಬರುವಂತಿರಲಿಲ್ಲ.

"ಏನಾತ್ರಿ?"

"ಗೊತ್ತಾಗ್ವಲ್ದು."

"ಹಾಂ, ಹಂಗ ಹೇಳ್ರಿ. ನಾಚಗೊಳ್ಳೂದೇನೈತಿ ಇದ್ರಾಗ. ನಾ ಒಪ್ಪಿದ್ದೂ ತಪ್ಪ್ಯಾವು, ಒಪ್ಪದ್ದೂ ತಪ್ಪ್ಯಾವು. ಕಾಣಲಿಲ್ಲಂದ್ರ ನಾವು ತಿಂಗಳಿಗೆ ಮೂವತ್ತು ದಿನಾ ತುಂಬಸ್ತೇವಿ. ನಾಳೆ ಅದs ಬರತೈತಿ, ಎಲ್ಲಿ ಹೊಕ್ಕೈತಿ."

ಹುಬ್ಬಳ್ಳಿಗೆ ಫೋನ್ ಹೋಯಿತು, ಅಲ್ಲಿಯೂ ಕಂಡಿರಲಿಲ್ಲ. ಜನ ಮೆಟ್ಟಿಲಿಳಿದರು. ನಾನು ಅವರ ಹಿಂದೆ ಇಳಿಯುತ್ತಿದ್ದಾಗ ಕಾಲು ಒಂದು ಮೆಟ್ಟಿಲಿನ ಮೇಲೆ ನಿಂತುಬಿಟ್ಟಿತು. ಅವರ ಚಂದ್ರನಿಗೆ ನಾಳೆಯಿತ್ತು. ನನ್ನ ಶಂಕಿತನಿಗಿರಲಿಲ್ಲ. ಅದೇ ಕಾರಣಕ್ಕೆ ನಾನು ಕನ್ನಡಕ ತಿರುವದೆ ಎರಡನೆಯ ಸಲವೂ ಅದೇ ಗಾಜಿನಿಂದ ನೋಡಲು ಹೊರಟಿದ್ದೆ. ಎರಡು ಸಲ ನೋಡಿದ ಗೀರು ಒಂದು ಸಲ ನೋಡಿದ ಗೀರಿಗಿಂತ ದಪ್ಪವಾಗಿ ಕಾಣುತ್ತದೆ, ನಿಜ. ಅದಕ್ಕೆ ಯಾರೂ ಚಂದ್ರ ಎನ್ನುವುದಿಲ್ಲ.

ಕೆಳಗೆ ಬಂದು ಮೇಡಂಗೆ ಫೋನ್ ಮಾಡಿದೆ. "ಮೇಡಂ, ಸರಿಸಿ ತಗೊಳ್ತೇನೆ." ಅವರು, "ಗಟ್ಟಿಯಾಗಿ ಯೋಚನೆ ಮಾಡಿದ್ದೀರಲ್ಲ ಸರ್?" ಎಂದರು. "ಯೋಚನೆ ಮಾಡಿದರೆ ಸರಿಸೋಕೆ ಆಗೋದಿಲ್ಲ" ಎಂದೆ. ಆಪರೇಟರನಿಗೆ ನನ್ನ ಹಿಂದಿಯಲ್ಲಿ, "ಥೋಡಾ ನೀಚೆ" ಎಂದೆ. ತೆರೆಯ ಮೇಲೆ ದೊಡ್ಡ ನಕ್ಷತ್ರ ಬಂತು, ಅಲ್ಲಿಂದ ಅಳತೆ ಹಿಡಿದು ಸರಿದೆವು, ಸೀಳಿನ ಕೆಳಭಾಗದಲ್ಲಿ ಕಾಣದ ಬಾಗಿಲನ್ನು ಬಡಿದೆವು. ಬೆಳಕು ಹಿಡಿಯತೊಡಗಿತು.

ನಡುವೆ ಕರೆಂಟ್ ಹೋಯಿತು. ಇಮಾಮಸಾಬ ಫ್ಯಾನ್, ದೀಪ, ಝೆರಾಕ್ಸ್ ಎಲ್ಲವನ್ನೂ ಆರಿಸಿ ಬ್ಯಾಟರಿಯನ್ನೆಲ್ಲ ನನ್ನ ಮೂಲೆಗೆ ಬಿಟ್ಟ. ಅರ್ಜಿಯವರು ಗೊಣಗಲಿಲ್ಲ. ನಾಡಿದ್ದಿನಿಂದ ಉಪವಾಸ, ಇವತ್ತು ಬಜಾರಿಗೆ ಹೋಗುವುದೋ ನಾಳೆಯೋ ಎಂದು ಕತ್ತಲಲ್ಲಿ ಚರ್ಚೆ ನಡೆದಿತ್ತು. ನಾನು ಓಡಾಡಲು ಹೋಗಿ ಯಾರದೋ ಕಾಲು ತುಳಿದು, ಅಂದು ಮೊದಲ ಬಾರಿಗೆ ಕೂತೆ. ಕೂತರೂ ಮೊಣಕಾಲು ತಾನಾಗಿ ಕುಣಿಯುತ್ತಿತ್ತು.

ಚಿತ್ರ ಬಂತು. ಇಮಾಮಸಾಬ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದ. ನಕ್ಷತ್ರದ ಬೆಳಕು ಕೆಳಗೆ, ನಾವು ಕೂರಿಸಿದ ಹೊಸ ಜಾಗದಲ್ಲಿ, ತೆಳ್ಳನೆಯ ದಾರದಂತೆ ಹಾಯ್ದಿತ್ತು. ಆ ದಾರದ ಮೇಲೆ ಉಬ್ಬಿರಲಿಲ್ಲ. ಮೇಲೆ, ಮೊನ್ನೆ ನಕ್ಷತ್ರವಿದ್ದು ಇಂದು ಬರಿಯ ಖಾಲಿ ಆಕಾಶವಿದ್ದ ಹಳೆಯ ಜಾಗದಲ್ಲಿ, ಅದೇ ಅಗಲದ ಮಸುಕು ಬೆಳಕು ಹಾಗೆಯೇ ಕೂತಿತ್ತು. ಬಾಡಿಗೆಯವನು ಮನೆ ಖಾಲಿ ಮಾಡಿ ಹೋದ ಮೇಲೂ ದೀಪ ಉರಿಯುತ್ತಿದ್ದರೆ, ಆ ದೀಪ ಬಾಡಿಗೆಯವನದಲ್ಲ.

"ಇದು ಛಲೋನೋ, ಕೆಟ್ಟದ್ದೋ ಸರ?" ಎಂದ ಇಮಾಮಸಾಬ.

"ಗೀರು" ಎಂದೆ.

ಅವನು ಹೊರಗೆ ಹೋಗಿ ಎರಡು ಚಹಾ ತಂದ. ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ತಾನು ಕುಡಿಯದೆ ಹಿಡಿದುಕೊಂಡು ನಿಂತ.

ಆ ಚಳಿಗಾಲದಲ್ಲಿ ಕ್ಯಾಮೆರಾವನ್ನು ಬಿಚ್ಚಿ ಕಟ್ಟಿದ್ದರಂತೆ. ಆಗ ಅದರ ಫಲಕದ ಕೆಲವು ಬಿಂದುಗಳು ಕೆಟ್ಟು, ಬೆಳಕಿಲ್ಲದೆಯೂ ಬೆಳಕು ತೋರಿಸತೊಡಗಿದ್ದವು. ನಾವು ತಿಳಿಸಿದ ಮೇಲೆ ಅವನ್ನು ನಂಬಬಾರದ ಬಿಂದುಗಳೆಂದು ಗುರುತು ಹಾಕಿಕೊಂಡರು. ಹೀಗೆ ವಿಶ್ವದ ಜ್ಞಾನಭಂಡಾರಕ್ಕೆ ನಾನು ಸೇರಿಸಿದ್ದು ಒಂದು ಕಲೆ. ನೋಂದಣಿಯ ಅವಧಿ ಮಾರ್ಚಿನಲ್ಲಿ ಮುಗಿಯಿತು. ಬೀಳ್ಕೊಡುಗೆಯ ದಿನ ಕಾಲೇಜಿನವರು ಕೊಟ್ಟ ಫಲಕದ ಮೇಲೆ ಅಭ್ಯಾಸಬಲದಿಂದ 'ಡಾ.' ಎಂದು ಕೆತ್ತಿಸಿ, ಆಮೇಲೆ ಅದರ ಮೇಲೆ ಚಿನ್ನದ ಬಣ್ಣದ ಕಾಗದ ಅಂಟಿಸಿದ್ದರು. ಮೇಡಂ ಬರೆದ ಲೇಖನದಲ್ಲಿ ನನ್ನ ಐದನೆಯವನು ಇಂದಿಗೂ 'ಶಂಕಿತ' ಎಂದೇ ಇದ್ದಾನೆ. ಅವನು ಅಲ್ಲಿ ಸಂಸಾರ ಮಾಡಿಕೊಂಡಿರಬಹುದು, ಇಲ್ಲದಿರಬಹುದು. ನನ್ನಿಂದ ಅವನಿಗೆ ತೊಂದರೆಯಾಗಲಿಲ್ಲ.

ಆ ಗೀರು ಕಂಡ ಮರುದಿನ ಸಂಜೆ ನನಗೆ ಸವಣೂರಿನಲ್ಲಿ ಕೆಲಸವಿರಲಿಲ್ಲ. ದೂರದರ್ಶಕ ಬೇರೆಯವರ ಪಾಲಾಗಿತ್ತು. ಆದರೂ ಆ ವಾರವಿಡೀ ಓಡಿದ ಕಾಲುಗಳು ನಿಲ್ಲದೆ, ಶಿಗ್ಗಾಂವಿಯಲ್ಲಿ ಕೈಗೆ ಸಿಕ್ಕ ಬಸ್ ಹತ್ತಿಸಿ ಅಲ್ಲಿಗೇ ಒಯ್ದವು. ಸೂರ್ಯ ಮುಳುಗುವುದಕ್ಕೂ ನಾನು ಮಾಳಿಗೆ ಹತ್ತುವುದಕ್ಕೂ ಸರಿಹೋಯಿತು. ಯಾರೂ ಕುತ್ತಿಗೆ ಉದ್ದ ಮಾಡಬೇಕಾಗಿರಲಿಲ್ಲ. ಕಂಬದಿಂದ ಎರಡಾಳು ಎತ್ತರದಲ್ಲಿ, ಕೊಂಬು ಮೇಲೆ ಮಾಡಿಕೊಂಡು, ದಪ್ಪನೆಯ ಚಂದ್ರ ನಿಂತಿದ್ದ. ಮಕ್ಕಳು ಚಾಂದ ಚಾಂದ ಎಂದು ಓಣಿಯ ತುಂಬ ಓಡುತ್ತಿದ್ದರು. ಮಸೀದಿಯ ಮೈಕು ಆಗಲೇ ಕೆಮ್ಮಿ ಸಿದ್ಧವಾಗಿತ್ತು.

ಇಮಾಮಸಾಬ ಬಹಳ ಹೊತ್ತು ನೋಡಿ, "ಅಪ್ಪಾ, ಇದು ಇವತ್ತಿನ ಚಾಂದ ಅಲ್ಲ ನೋಡು. ಇಷ್ಟ ದಪ್ಪ ಐತಿ. ನಿನ್ನಿ ಸರ್ ಕಂಡಿದ್ದು ಖರೇ ಇರಬೇಕು" ಎಂದ.

"ದಪ್ಪ ನೋಡಿ ತಾರೀಖ ಬರಿಯೂದಿಲ್ಲ" ಎಂದರು ಚಾಚಾ. "ನಡಿ, ನಮಾಜಿಗೆ ಹೊತ್ತಾತು."

ಮಗ ಇಳಿದು ಹೋದ. ಚಾಚಾ ಮೆಟ್ಟಿಲಿಗೆ ಹೋಗುವ ಮೊದಲು ನನ್ನ ಮೊಣಕೈ ಹಿಡಿದುಕೊಂಡರು. ಇಳಿಯಲು ಆಧಾರ ಬೇಕಿತ್ತೋ, ಬೇರೆ ಕಾರಣವೋ.

"ಕಂಡಿರಬಹುದ್ರಿ ಸರ" ಎಂದರು ಮೆಲ್ಲಗೆ. "ಖರೇನ ಕಂಡಿರಬಹುದು."

ನಾನು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಸರಿಯಾಗಿಯೇ ಹಾಕಿಕೊಂಡೆ. ಚಂದ್ರ ಅಲ್ಲೇ ಇದ್ದ. ಸುತ್ತಲಿನ ಮಾಳಿಗೆಗಳಲ್ಲಿ ಎಲ್ಲರಿಗೂ ಕಾಣುತ್ತಿದ್ದ. ನನ್ನನ್ನು ಯಾರೂ ಏನೂ ಕೇಳಲಿಲ್ಲ.